ಮಿಲ್ಟ್ರಿ ಗಾಡಿಯ ಮುಕ್ಕಾಲು ಇಂಚು

ನನ್ನಿಂದಾದ ಒಂದು ತಪ್ಪನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಅಕ್ಕನ ಗಂಡನಿಗೆ ಒಂದು ಹಳೆಯ ಗಾಡಿಯನ್ನು ನಾನೇ ನೋಡಿ ಕೊಡಿಸಿದೆ. ಅದರ ಉದ್ದ ಅಳೆದೆ, ಅಗಲ ಅಳೆದೆ, ಅದರ ಹೊಟ್ಟೆ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂಬುದನ್ನೂ ಮೊಣಕಾಲೂರಿ ಅಳೆದೆ. ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಂಡೆ. ಅದರಲ್ಲಿ ಒಂದು ಸಲ ಕೂತು ನೋಡುವುದನ್ನು ಮಾತ್ರ ಮರೆತೆ.

ಅಳೆಯುವುದು ನನ್ನ ಹೊಟ್ಟೆಪಾಡು. ಕನ್ನಡ ಸೀಮೆಗಳೆಲ್ಲ ಒಂದು ರಾಜ್ಯವಾಗಿ ಎರಡು ವರ್ಷ ಕಳೆದಿದ್ದ ಆ ಕಾಲಕ್ಕೆ ನಾನು ಹಾನಗಲ್ಲಿನಲ್ಲಿ ಸರ್ವೇಯರ್ ಆಗಿದ್ದೆ. ಹೊಲದ ಮೂಲೆಯಿಂದ ಮೂಲೆಗೆ ಸರಪಳಿ ಎಳೆಸಿ, ಬಂದದ್ದನ್ನು ಬಂದ ಹಾಗೆ ಬರೆಯುವುದು ಕೆಲಸ. ಅಣ್ಣತಮ್ಮಂದಿರು ಬದುವಿನ ಎರಡೂ ಬದಿಗೆ ನಿಂತು ಬೈದಾಡುತ್ತಿರುವಾಗ ನಡುವೆ ಬಗ್ಗಿ ಅಂಗುಲ ಎಣಿಸುವವನಿಗೆ ಒಂದು ಅಭ್ಯಾಸ ಬೀಳುತ್ತದೆ. ಕಂಡದ್ದಕ್ಕಿಂತ ಹೆಚ್ಚು ಹೇಳಬಾರದು, ಕಡಿಮೆಯೂ ಹೇಳಬಾರದು. ಇಲ್ಲಿಯೂ ಅದನ್ನೇ ಪಾಲಿಸುತ್ತೇನೆ. ಇದರಿಂದ ಯಾರಿಗಾದರೂ ಬೇಸರವಾದರೆ ಅದು ಉದ್ಯೋಗದ ದೋಷ.

ಈ ಉದ್ಯೋಗದಿಂದಾಗಿ ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ನಾಲ್ಕೂ ತಾಲೂಕುಗಳ ದಾರಿ ನನ್ನ ಬೆನ್ನಿಗೆ ಪರಿಚಯ. ಕಣ್ಣು ಕಟ್ಟಿ ಚಕ್ಕಡಿಯಲ್ಲಿ ಕೂಡ್ರಿಸಿದರೂ ಯಾವ ತಾಲೂಕು ಎಂದು ಹೇಳಬಲ್ಲೆನೆಂದು ಒಂದು ಕಾಲಕ್ಕೆ ಜಂಬಪಡುತ್ತಿದ್ದೆ. ಹಾನಗಲ್ಲಿನ ದಾರಿ ಗದ್ದೆಯ ನಡುವೆ ಹೋಗುವುದರಿಂದ ಎಡಕ್ಕೂ ಬಲಕ್ಕೂ ತೂಗುತ್ತದೆ. ಸವಣೂರ ಕಡೆಯ ಎರೆಮಣ್ಣು ಒಣಗಿ ಬಿರಿದು, ಸಣ್ಣಗೆ ಒಂದೇ ಸಮನೆ ಹಲ್ಲು ಕಡಿಸುತ್ತದೆ. ಹಿರೇಕೆರೂರಿನ ಕೆಂಪು ಗರಸುಮಣ್ಣಿನದು ಬೇರೆ ಬಗೆ. ರಟ್ಟೀಹಳ್ಳಿಯ ಹಳೆಯ ಗುಡಿಯನ್ನು ನೋಡಲು ಹೋದ ದಿನ, ಗುಡಿಯ ಕಂಬಗಳು ಎಷ್ಟೆಂದು ಎಣಿಸಲು ಕೂತರೆ ನನಗೆ ಪ್ರತಿ ಕಂಬವೂ ಎರಡೆರಡಾಗಿ ಕಂಡಿತು. ತಲೆ ನಿಲ್ಲಲು ಅರ್ಧ ತಾಸು ಬೇಕಾಯಿತು. ಶಿಗ್ಗಾವಿಯ ದಾರಿಗಳಿಗೆ ಹಳ್ಳ ಹೆಚ್ಚು. ಇಳಿಯುವಾಗ ಮುಂದಕ್ಕೆ, ಏರುವಾಗ ಹಿಂದಕ್ಕೆ, ನಡುವೆ ಕಲ್ಲಿನ ಮೇಲೆ ನೇರ ಮೇಲಕ್ಕೆ. ಪುರಾಣದ ರಥಗಳಿಗೆ ಕುಲುಕು ತಡೆಯುವ ಕಮಾನು ಇದ್ದದ್ದನ್ನು ನಾನು ಎಲ್ಲಿಯೂ ಕೇಳಿಲ್ಲ. ಅಂಥ ರಥದಲ್ಲಿ ನಿಂತು ಬಾಣ ಬಿಟ್ಟು ಗುರಿ ಮುಟ್ಟಿಸಿದವರ ಬಗ್ಗೆ ನನಗೆ ಗೌರವ ಬಂದದ್ದು ಶಿಗ್ಗಾವಿ ತಾಲೂಕಿನಲ್ಲಿಯೇ.

ಇಷ್ಟು ತಿಳಿದವನು ಒಂದು ಗಾಡಿಯಲ್ಲಿ ಕೂತು ನೋಡದೆ ಕೊಡಿಸಿದೆನಲ್ಲ!

ಗಾಡಿ ಹಾನಗಲ್ಲಿನ ಒಬ್ಬ ಕಟ್ಟಿಗೆ ಗುತ್ತಿಗೆದಾರನದು. ಯುದ್ಧ ಮುಗಿದ ಮೇಲೆ ಸೈನ್ಯದವರು ಹರಾಜಿನಲ್ಲಿ ಮಾರಿದ್ದು. ಮುಂದೆ ಇಬ್ಬರು ಕೂರುವ ಗೂಡು, ಹಿಂದೆ ಸರಕು ತುಂಬುವ ತೆರೆದ ತೊಟ್ಟಿ. ಎಲ್ಲರೂ ಅದಕ್ಕೆ ‘ಮಿಲ್ಟ್ರಿ ಗಾಡಿ’ ಎನ್ನುತ್ತಿದ್ದರು. ಚಕ್ರದ ಅಚ್ಚಿನ ಮೇಲೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿರುತ್ತಾರೆ. ನಮ್ಮ ಕಡೆ ಅವಕ್ಕೆ ಪಾಟಾ ಎಂದು ಹೆಸರು. ಕಾಡಿನ ಬೊಡ್ಡೆಗಳು ಹೊಟ್ಟೆಗೆ ತಾಗಬಾರದೆಂದು ಗುತ್ತಿಗೆದಾರ ಅಚ್ಚಿಗೂ ಪಾಟಾಗಳಿಗೂ ನಡುವೆ ಸಾಗವಾನಿಯ ತುಂಡು ಇಡಿಸಿ ಗಾಡಿಯನ್ನು ಎತ್ತರಿಸಿದ್ದ. ದಿಮ್ಮಿ ಹೇರಿದರೆ ಕುಸಿಯಬಾರದೆಂದು ಪಾಟಾಗಳ ಸಂಖ್ಯೆಯನ್ನೂ ಹೆಚ್ಚಿಸಿದ್ದ. ಆ ಎತ್ತರ ಕಂಡು ನಮ್ಮ ಮಾಮಾ ಮರುಳಾದರು. ದುಂಡಸಿಯ ರೈತ ಫಕ್ಕೀರಪ್ಪ ಮಾಮಾ, ನಮ್ಮ ನೀಲಕ್ಕನ ಗಂಡ. ಮೆಣಸಿನಕಾಯಿ, ಶೇಂಗಾ ಹೇರಿಕೊಂಡು ತಾವೇ ಹುಬ್ಬಳ್ಳಿ ಪೇಟೆಗೆ ಹೋಗಬೇಕೆಂಬುದು ಅವರ ಬಹಳ ದಿನದ ಆಸೆ. ಗುತ್ತಿಗೆದಾರನ ಡ್ರೈವರನಿಂದ ಹದಿನೈದು ದಿನ ಗಾಡಿ ಹೊಡೆಯುವುದನ್ನು ಕಲಿತರು.

“ಆನಿ ಇದ್ದಂಗ ಐತಿ ನೋಡು ಚನ್ನಬಸು,” ಎಂದರು.

ನಾನು ಚೀಟಿ ನೋಡಿ, “ನೆಲದಿಂದ ಹತ್ತೊಂಬತ್ತು ಇಂಚು ಐತ್ರಿ,” ಎಂದೆ. ನನ್ನ ಸಲಹೆ ಅಷ್ಟೇ.

ಹಾನಗಲ್ಲಿನಿಂದ ಬಂಕಾಪುರ, ಶಿಗ್ಗಾವಿಯ ಮೇಲೆ ದುಂಡಸಿಗೆ ಗಾಡಿಯನ್ನು ಒಯ್ಯುವ ದಿನ ನಾನೂ ಹತ್ತಿ ಕೂತೆ. ಅವ್ವ ಆಗ ನನ್ನ ಸಂಗಡ ಹಾನಗಲ್ಲಿನಲ್ಲಿ ಇದ್ದಳು. ಮಗಳಿಗೆಂದು ಒಂದು ಗಡಿಗೆ ಮೊಸರು ಕೊಟ್ಟು, ಬಾಯಿಗೆ ಬಟ್ಟೆ ಬಿಗಿದು, ತೊಡೆಯ ಮೇಲೆ ಇಟ್ಟುಕೊಳ್ಳಲು ಹೇಳಿದಳು. ಹೊರಟ ಎಷ್ಟು ಹೊತ್ತಿಗೆ ನನಗೆ ನನ್ನ ತಪ್ಪು ತಿಳಿಯಿತೆಂದು ಕೇಳಿದರೆ, ಊರ ಹೊರಗಿನ ಮೊದಲನೆಯ ಮೋರಿಗೆ. ಅಲ್ಲಿಂದ ಬಂಕಾಪುರದವರೆಗೆ ನನ್ನ ತಲೆ ಗೂಡಿನ ಛತ್ತಿಗೆ ಹನ್ನೊಂದು ಸಲ ಬಡಿಯಿತು. ಆಮೇಲೆ ಎಣಿಸಲಿಲ್ಲ. ಎಣಿಸಲು ಮನುಷ್ಯನಿಗೆ ಸ್ವಲ್ಪ ಸ್ವಸ್ಥತೆ ಬೇಕು. ಚಕ್ಕಡಿಯ ಕುಲುಕಾಟದಲ್ಲಿ ಒಂದು ಏಟಿಗೂ ಇನ್ನೊಂದಕ್ಕೂ ನಡುವೆ ಉಸಿರು ತೆಗೆದುಕೊಳ್ಳಲು ಬಿಡುವಿರುತ್ತದೆ. ಈ ಗಾಡಿ ಒಂದು ಕಲ್ಲಿಗೆ ಮೂರು ಸಲ ಜಿಗಿಯುತ್ತಿತ್ತು. ಒಮ್ಮೆ ಕಲ್ಲಿಗಾಗಿ, ಎರಡು ಸಲ ತನ್ನ ಸಂತೋಷಕ್ಕಾಗಿ.

ಮಾಮಾ ಮಾತ್ರ ಸ್ಟೀರಿಂಗು ಹಿಡಿದು, ಹಲ್ಲು ಕಚ್ಚಿ, “ಜೀವ ಐತಿ ಗಾಡ್ಯಾಗ!” ಎನ್ನುತ್ತಿದ್ದರು.

ದುಂಡಸಿಯಲ್ಲಿ ಇಳಿದು ನೀಲಕ್ಕನ ಕೈಗೆ ಗಡಿಗೆ ಕೊಟ್ಟೆ. ಅವಳು ಬಟ್ಟೆ ಬಿಚ್ಚಿ ನೋಡಿದಳು, ನನ್ನ ಮುಖ ನೋಡಿದಳು, ಮತ್ತೆ ಗಡಿಗೆ ನೋಡಿದಳು. ಒಳಗೆ ಮಜ್ಜಿಗೆಯ ಮೇಲೆ ನಿಂಬೆಹಣ್ಣಿನ ಗಾತ್ರದ ಬೆಣ್ಣೆಯ ಉಂಡೆ ತೇಲುತ್ತಿತ್ತು.

“ತಮ್ಮಾ, ದಾರ್ಯಾಗ ಕಡಕೋತ ಬಂದಿಯೇನು?” ಎಂದಳು.

ನಕ್ಕೆವು. ಆದರೆ ಅವಳ ನಗು ಬೇಗ ನಿಂತಿತು. ಅವಳಿಗೆ ಆಗ ನಾಲ್ಕು ತಿಂಗಳಾಗಿತ್ತು.

ಇದನ್ನು ಎಚ್ಚರದಿಂದ ಹೇಳಬೇಕು. ಅದಕ್ಕೆ ಮೊದಲು ಅವಳಿಗೆ ಎರಡು ಸಲ ಬಸಿರು ಇಳಿದಿತ್ತು. ಮೊದಲನೆಯದು ತವರಿಗೆ ಚಕ್ಕಡಿಯಲ್ಲಿ ಬಂದ ಮೂರನೆಯ ದಿನ. ಎರಡನೆಯದು ಬಸ್ಸಿನಲ್ಲಿ ಶಿಗ್ಗಾವಿಗೆ ಹೋಗಿ ಬಂದ ವಾರಕ್ಕೆ. ಕುಲುಕಿನಿಂದಲೇ ಆಯಿತೆಂದು ಊರೆಲ್ಲ ಹೇಳಿತು. ಹುಬ್ಬಳ್ಳಿಯ ಡಾಕ್ಟರಬಾಯಿ ಹಾಗೆ ಹೇಳಲಿಲ್ಲ. ಅವರು ಹೇಳಿದ್ದು ಇಷ್ಟೇ: ಮುಂದಿನ ಸಲ ಏಳು ತುಂಬುತ್ತಲೇ ಆಸ್ಪತ್ರೆಗೆ ಬಂದು ಹೆರಿಗೆಯವರೆಗೆ ಮಲಗಿರಬೇಕು, ಬರುವಾಗಲೂ ಮಲಗಿಯೇ ಬರಬೇಕು, ಮೈ ಕುಲುಕಬಾರದು. ಕಾರಣ ಏನೇ ಇರಲಿ, ನೀಲಕ್ಕನಿಗೆ ಆಗ ಮೂವತ್ತೊಂದು ವರ್ಷ, ಮತ್ತೊಮ್ಮೆ ಅಂಥದನ್ನು ತಾಳುವ ಶಕ್ತಿ ತನಗಿಲ್ಲವೆಂದು ಅವಳೇ ಅವ್ವನ ಎದುರು ಹೇಳಿದ್ದಳು. ಅದನ್ನು ನಾನು ಪಕ್ಕದ ಕೋಣೆಯಲ್ಲಿ ಕೂತು ಕೇಳಿದ್ದೆ.

ದುಂಡಸಿಯಿಂದ ತಡಸದವರೆಗೆ ಮಣ್ಣಿನ ದಾರಿ, ನಡುವೆ ಮೂರು ಕಡೆ ಹಳ್ಳ. ತಡಸದಿಂದ ಹುಬ್ಬಳ್ಳಿಗೆ ಒಳ್ಳೆಯ ಸಡಕು. ಆ ಸಡಕು ಸೇರುವವರೆಗೆ ಅವಳನ್ನು ಮಲಗಿಸಿ ಒಯ್ಯಬೇಕು. ಚಕ್ಕಡಿಯನ್ನು ಅವಳು ಒಲ್ಲೆ ಎಂದಳು, ಬಸ್ಸನ್ನೂ ಒಲ್ಲೆ ಎಂದಳು. ಉಳಿದದ್ದು ಅಂಗಳದಲ್ಲಿ ನಿಂತಿದ್ದ ಆನೆ.

ಹೆರಿಗೆಗೆ ಮಗಳನ್ನು ತವರಿಗೆ ಕರೆಸುವುದು ಪದ್ಧತಿ. ಈ ಸಲ ತವರೇ ಎದ್ದು ದುಂಡಸಿಗೆ ಬಂದಿತು. ಅವ್ವ ಬಂದವಳೇ ಗಾಡಿಯನ್ನು ಒಂದು ಸುತ್ತು ಹಾಕಿ ನೋಡಿದಳು. ಅವಳು ಅಳಿಯನ ಎದುರು ನೇರ ಮಾತಾಡುವವಳಲ್ಲ. ಸೆರಗು ಸರಿಮಾಡಿಕೊಂಡು, ನನ್ನ ಮುಖ ನೋಡಿ, ಅವರಿಗೆ ಕೇಳುವಂತೆ ಹೇಳಿದಳು:

“ಮೊಸರನ್ನ ಬೆಣ್ಣಿ ಮಾಡೂ ಗಾಡ್ಯಾಗ ನನ್ನ ಮಗಳನ್ನ ಕೂಡ್ರಸೂದಿಲ್ಲ ಅಂತ ಹೇಳಪಾ ಅವರಿಗೆ.”

ಮಾಮಾ ಕೂಡ ನನ್ನ ಮುಖವನ್ನೇ ನೋಡಿ ಉತ್ತರ ಕೊಟ್ಟರು: “ಗಾಡಿ ಮೆತ್ತಗ ಮಾಡಸ್ತೇನಿ ಅಂತ ಹೇಳು ನಿಮ್ಮವ್ವಗ.”

ಇಬ್ಬರೂ ಎರಡು ಮಾರು ದೂರದಲ್ಲಿದ್ದರು. ನಾನು ಏನನ್ನೂ ಹೇಳಬೇಕಾಗಲಿಲ್ಲ.

ಮೆತ್ತಗೆ ಮಾಡುವ ಕೆಲಸವನ್ನು ಮಾಮಾ ಊರ ಕಮ್ಮಾರನ ಸಂಗಡ ಸೇರಿ ತಾವೇ ಶುರುಮಾಡಿದರು. ಅವರು ಮಾಡಿದ ಎರಡು ತಪ್ಪುಗಳನ್ನು ಚಕ್ಕಡಿ ಬಲ್ಲವರು ಮಾತ್ರ ಮಾಡಬಲ್ಲರು. ಚಕ್ಕಡಿಯ ಗಾಲಿಗೆ ಕಬ್ಬಿಣದ ಹಳಿ ಎಷ್ಟು ಬಿಗಿಯೋ ಅಷ್ಟು ಒಳ್ಳೆಯದು. ಹಳಿ ಸಡಿಲಾದ ಚಕ್ಕಡಿ ಕುಂಟುತ್ತದೆ, ಗಾಲಿ ಮುರಿಯುತ್ತದೆ. ಆದ್ದರಿಂದ ರಬ್ಬರಿನ ಗಾಲಿಗೂ ಅದೇ ನ್ಯಾಯವೆಂದು ಭಾವಿಸಿ, ಸರದಿಯ ಮೇಲೆ ಪಂಪು ಒತ್ತಿ ಒತ್ತಿ, ಉಗುರಿನಿಂದ ಬಡಿದರೆ ಟಣ್ ಎನ್ನುವಷ್ಟು ಗಾಳಿ ತುಂಬಿದರು. ಎರಡನೆಯದು ಪಾಟಾದ ವಿಷಯ. ಒಂದು ಕೌದಿ ಹಾಸಿ ಮಲಗಿದರೆ ನೆಲ ಒತ್ತುತ್ತದೆ, ಎರಡು ಹಾಸಿದರೆ ಕಡಿಮೆ, ನಾಲ್ಕು ಹಾಸಿದರೆ ಸುಖ. ಹಾಗೆಯೇ ಪಾಟಾ ಹೆಚ್ಚಿದಷ್ಟೂ ಗಾಡಿ ಮೆತ್ತಗಾಗಬೇಕಲ್ಲ! ಒಂದೊಂದು ಬದಿಗೆ ಇನ್ನೂ ಒಂದೊಂದು ಪಾಟಾ ಸೇರಿಸಿದರು. ನನಗೂ ಅದು ನ್ಯಾಯವಾಗಿಯೇ ಕಂಡಿತೆಂದು ಇಲ್ಲಿ ದಾಖಲು ಮಾಡುತ್ತೇನೆ. ರಜೆ ಹಾಕಿ ಬಂದಿದ್ದವನು ಪಂಪು ಕೂಡ ಒತ್ತಿದ್ದೆ.

ಪರೀಕ್ಷೆಗೆಂದು ಹಳ್ಳದವರೆಗೆ ಹೋಗಿಬಂದೆವು. ಮಾಮಾ ಇಳಿದು ಗಾಡಿಗೆ ಒರಗಿ ನಿಂತರು. ಆಮೇಲೆ ನಾಲಗೆಯನ್ನು ಹೊರಳಿಸಿ ನೋಡಿಕೊಂಡು, “ಕಡಕೊಂಡೆ,” ಎಂದರು. ಜೀವ ಇದೆ ಎಂಬ ಮಾತನ್ನು ಅವರು ಮತ್ತೆ ಆಡಲಿಲ್ಲ. ಏಳನೆಯ ತಿಂಗಳಲ್ಲಿ ಬಸುರಿಗೆ ಮಾಡುವ ಕುಬಸದ ಶಾಸ್ತ್ರಕ್ಕೆ ಒಂದೂವರೆ ತಿಂಗಳಿತ್ತು. ಕುಬಸವಾದ ಮೂರನೆಯ ದಿನ ಹೊರಡುವುದೆಂದು ಗೊತ್ತಾಗಿತ್ತು.

ಸವಣೂರಿನ ಇಮಾಮಸಾಬರ ಹೆಸರು ನನಗೆ ಹೇಳಿದವನು ಒಬ್ಬ ಟಾಂಗಾದವನು. ನವಾಬರ ಅರಮನೆಯ ಸಾರೋಟುಗಳಿದ್ದ ಕಾಲಕ್ಕೆ ಅವುಗಳ ಕಮಾನು ಕಟ್ಟುತ್ತಿದ್ದ ಮನೆತನ ಅವರದು. ಸಾರೋಟು ಹೋದವು, ಟಾಂಗಾ ಉಳಿದವು. ಟಾಂಗಾವೂ ಕಡಿಮೆಯಾಗಿ ಈಗ ಯಾರಾದರೂ ಮೋಟಾರು ತಂದರೆ ಅದನ್ನೂ ನೋಡುತ್ತಿದ್ದರು. ಅಂಗಡಿ ಎಂದರೆ ಒಂದು ತಗಡಿನ ಚಪ್ಪರ, ತಿದಿ, ಅಡಿಗಲ್ಲು. ವಯಸ್ಸು ಅರವತ್ತರ ಆಚೆ. ಬಿಳಿಯ ಗಡ್ಡ, ಎಡ ಕೈಯ ಹೆಬ್ಬೆರಳಿಗೆ ಉಗುರಿಲ್ಲ.

ಮಾಮಾ ಗಾಡಿ ನಿಲ್ಲಿಸಿ, ಇಳಿದು, ಅದರ ಗುಣದೋಷಗಳನ್ನೆಲ್ಲ ಹೇಳಿದರು. ನಾನು ಚೀಟಿ ತೆಗೆದು ಅಳತೆಗಳನ್ನು ಓದಿದೆ. ಇಮಾಮಸಾಬರು ಎರಡನ್ನೂ ತಾಳ್ಮೆಯಿಂದ ಕೇಳಿದರು. ಗಾಡಿಯ ಕಡೆ ತಿರುಗಿಯೂ ನೋಡದೆ ಕೇಳಿದರು:

“ಅದೆಲ್ಲಾ ಇರಲ್ರಿ ಗೌಡ್ರ. ಇದ್ರಾಗ ಕುಂದ್ರಾವ್ರು ಯಾರು?”

ಇಷ್ಟು ದಿನದಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಮಾಮಾ ತಡವರಿಸುತ್ತ ಎಲ್ಲವನ್ನೂ ಹೇಳಿದರು: ಎರಡು ಸಲ ಆದದ್ದು, ಡಾಕ್ಟರಬಾಯಿಯ ಮಾತು, ಬೆಣ್ಣೆ. ಬೆಣ್ಣೆಗೆ ಇಮಾಮಸಾಬರು ನಗಲಿಲ್ಲ. ಎದ್ದು ಹೋಗಿ ಗಾಡಿಯ ಹಿಂದಿನ ತೊಟ್ಟಿಗೆ ಹತ್ತಿ, ಏನೂ ಹಾಸದೆ, ಬರಿಯ ತಗಡಿನ ಮೇಲೆ ಅಂಗಾತ ಮಲಗಿ ಕಣ್ಣು ಮುಚ್ಚಿದರು.

“ಹೊಡೀರಿ. ದೊಡ್ಡ ಹುಣಸಿಮರದ ತನಕ ಹೋಗಿ ಬರ್ರಿ,” ಎಂದರು.

ಆ ಮುದುಕರನ್ನು ಆ ತಗಡಿನ ಮೇಲೆ ಮಲಗಿಸಿಕೊಂಡು ಹೋಗುವಾಗ ನನ್ನ ಎದೆ ಹೊಡೆದುಕೊಂಡದ್ದನ್ನು ಹೇಗೆ ಅಳೆಯಲಿ? ಹತ್ತು ಮಂದಿ ಕೈಕೈ ಹಿಡಿದು ನಿಂತರೂ ತಬ್ಬಲಾಗದ ಆ ಮರದ ನೆರಳಿನಲ್ಲಿ ತಿರುಗಿಸಿಕೊಂಡು ಮರಳಿ ಬಂದಾಗ ಅವರು ಮೆಲ್ಲಗೆ ಎದ್ದು ಕೂತರು. ತಲೆಯ ಹಿಂದೆ ಕೈಯಾಡಿಸಿಕೊಂಡರು. ಬೆರಳಿಗೆ ಸ್ವಲ್ಪ ರಕ್ತ ಹತ್ತಿತ್ತು. ಅದನ್ನು ಪಂಚೆಗೆ ಒರೆಸಿ, “ಮಂದಿಗೆ ಮಾಡಿದ ಗಾಡಿ ಅಲ್ರೀ ಇದು, ಕಟಗೀಗೆ ಮಾಡಿದ್ದು. ಕಟಗಿ ಅಳೂದಿಲ್ಲಲ್ಲ,” ಎಂದರು.

ಮೆಚ್ಚುಗೆಯ ಮಾತನ್ನು ನಾನು ಸುಲಭವಾಗಿ ಬರೆಯುವವನಲ್ಲ. ಆದರೆ ಒಂದು ಗಾಡಿಯ ಕಾಯಿಲೆ ತಿಳಿಯಲು ಅದರ ಅಡಿಗೆ ಹೋಗುವ ಮೊದಲು ಅದರಲ್ಲಿ ಹೋಗಬೇಕಾದವಳ ಜಾಗದಲ್ಲಿ ಹೋಗಿ ಮಲಗಿದ ಕುಶಲಕರ್ಮಿಯನ್ನು ನಾನು ಅವರಿಗಿಂತ ಮೊದಲು ನೋಡಿರಲಿಲ್ಲ. ಆಮೇಲೂ ನೋಡಿಲ್ಲ.

ಕೆಲಸ ನಾಲ್ಕು ದಿನ ನಡೆಯಿತು. ಮೊದಲು ಗಾಲಿಯ ಗಾಳಿ ಬಿಟ್ಟರು. ಆ ಸುಯ್ಯೆನ್ನುವ ಸದ್ದಿಗೆ ಮಾಮಾ ತಮ್ಮ ಮೈಯಿಂದಲೇ ರಕ್ತ ಹೋಗುತ್ತಿರುವಂತೆ ಮುಖ ಮಾಡಿದರು.

“ಸಾಕ್ರೀ, ಸಾಕ್ರೀ ಸಾಬರ! ಎಲ್ಲಾ ಹೊಂಟಹೋತು!”

“ಹಳಿ ಅಲ್ರೀ ಗೌಡ್ರ ಇದು, ರಬ್ಬರ. ನೆಲಕ್ಕ ಕುಂತಾಗ ಒಂದೀಟು ಹೊಟ್ಟಿ ಬಿಡಬೇಕು. ನಿಮ್ಮ ಹೊಟ್ಟಿ ಬಿಡತೈತಲ್ಲ, ಹಂಗ.”

ಆಮೇಲೆ ಸಾಗವಾನಿಯ ತುಂಡುಗಳನ್ನು ಕಿತ್ತರು. ಆನೆ ಒಮ್ಮೆಲೇ ಎಮ್ಮೆಯಾಯಿತು. ಚಕ್ರಗಳ ಬಳಿ ಕುಲುಕು ತಡೆಯಲೆಂದು ಎಣ್ಣೆ ತುಂಬಿಡುವ ಸಣ್ಣ ಡಬ್ಬಿಗಳಿದ್ದವು. ಅವು ಎಂದೋ ಒಣಗಿ ಹೋಗಿದ್ದವು. ತೊಳೆದು ಎಣ್ಣೆ ತುಂಬಿದರು. ಕೊನೆಗೆ ಪಾಟಾ ಬಿಚ್ಚಿದರೆ, ಅವು ಬಿಚ್ಚಲೇ ಇಲ್ಲ. ಕಾಡಿನ ಕೆಸರು, ತುಕ್ಕು ಸೇರಿ ಅಷ್ಟೂ ಪಾಟಾಗಳು ಒಂದೇ ಕಬ್ಬಿಣದ ತೊಲೆಯಾಗಿದ್ದವು. ಸೀಮೆಎಣ್ಣೆಯಲ್ಲಿ ಒಂದು ದಿನ ನೆನೆಹಾಕಬೇಕಾಯಿತು.

ಅಂದು ಮಧ್ಯಾಹ್ನ ಮಾಮಾ ತಮ್ಮ ಕೌದಿಯ ಸಿದ್ಧಾಂತವನ್ನು ಅವರ ಮುಂದೆ ಇಟ್ಟರು. ಪಾಟಾ ಹೆಚ್ಚಾದರೆ ಯಾಕೆ ಮೆತ್ತಗಾಗುವುದಿಲ್ಲ? ಇಮಾಮಸಾಬರು ಎದುರಿನ ಅಂಗಡಿಯಿಂದ ವೀಳ್ಯದೆಲೆಯ ಎರಡು ಕಟ್ಟು ತರಿಸಿದರು. ಸವಣೂರಿನಲ್ಲಿ ಎಲೆಗೆ ಬರವೇ? ತೆಳ್ಳಗಿನ ಕಟ್ಟನ್ನು ಬಾಗಿಸಿದರು, ಬಾಗಿತು. ದಪ್ಪ ಕಟ್ಟನ್ನು ಮಾಮಾನ ಕೈಗೆ ಕೊಟ್ಟು, “ಬಗ್ಗಸ್ರಿ,” ಎಂದರು. ಮಾಮಾ ಒತ್ತಿದರು, ಎಲೆ ಹರಿಯಿತು. ಆಮೇಲೆ ತೆಳ್ಳಗಿನದಕ್ಕೆ ನೀರು ಚಿಮುಕಿಸಿ ಮತ್ತೆ ಬಾಗಿಸಿದರು. ಒಂದೊಂದು ಎಲೆಯೂ ಇನ್ನೊಂದರ ಮೇಲೆ ಜಾರಿ, ಕಟ್ಟು ಕೈಯೊಳಗೆ ಬಿಲ್ಲಿನಂತೆ ಬಾಗಿ ಮತ್ತೆ ನೆಟ್ಟಗಾಯಿತು.

“ಇಷ್ಟ ನೋಡ್ರಿ. ಕಡಿಮಿ ಇರಬೇಕು, ಒಂದರ ಮ್ಯಾಲೊಂದು ಜಾರಬೇಕು. ಒಂದಕ್ಕೊಂದು ಅಂಟಿಕೊಂಡ ಕುಂತ್ರ ಪಾಟಾನೂ ಮುರೀತಾವು, ಅಣ್ಣತಮ್ಮರೂ ಮುರೀತಾರು.”

ಅಣ್ಣತಮ್ಮಂದಿರ ಬದುವಿನ ಮೇಲೆ ಜೀವನ ಕಳೆಯುತ್ತಿದ್ದ ನಾನು ಆ ಮಾತನ್ನು ಚೀಟಿಯ ಹಿಂದೆ ಬರೆದುಕೊಂಡೆ. ಪಾಠ ಮುಗಿದ ಮೇಲೆ ಎಲೆಗೆ ಸುಣ್ಣ ಹಚ್ಚಿ ಮೂವರೂ ಹಾಕಿಕೊಂಡೆವು.

ಪಾಟಾಗಳನ್ನು ಉಜ್ಜಿ, ನಡುವೆ ಗ್ರೀಸು ಸವರಿ, ಅರ್ಧದಷ್ಟನ್ನು ಮಾತ್ರ ಮರಳಿ ಕಟ್ಟಿದರು. ಕೆಲಸ ಮುಗಿಯಿತೆಂದು ನಾವು ತಿಳಿದೆವು. ಅವರು ಕೈ ಒರೆಸಿಕೊಳ್ಳುತ್ತ ಎರಡನೆಯ ಪ್ರಶ್ನೆ ಕೇಳಿದರು: “ಅಕ್ಕಾರು ಎಷ್ಟು ತೂಕ ಅದಾರು?”

ಗಾಡಿ ಬರಿದಾಗಿದ್ದರೆ ಜಿಗಿಯುತ್ತದೆ, ಮಿತಿ ಮೀರಿದರೆ ಕುಕ್ಕುತ್ತದೆ. ಹಿಂದೆ ಕೂರುವ ಭಾರ ತಿಳಿದರೆ ಅದಕ್ಕೆ ಸರಿಯಾಗಿ ಪಾಟಾ ಇಟ್ಟು, ಉಳಿದ ಭಾರಕ್ಕೆ ಉಸುಕಿನ ಚೀಲ ಹಾಸಬಹುದು. ತಿಳಿಯದೆ ಕಟ್ಟಿದರೆ ಕುರುಡುಗಟ್ಟು. ಆದರೆ ನಮ್ಮ ಮನೆಯಲ್ಲಿ ಯಾರ ತೂಕವೂ ಯಾರಿಗೂ ಗೊತ್ತಿರಲಿಲ್ಲ. ಮೆಣಸಿನಕಾಯಿಯನ್ನು ತೂಗುತ್ತಿದ್ದೆವು, ಮನುಷ್ಯರನ್ನಲ್ಲ. ದುಂಡಸಿಗೆ ಮರಳಿ ಅವ್ವನನ್ನು ಕೇಳಿದೆ. ಅವಳು ಉರಿದೆದ್ದಳು.

“ಬಸರಿ ಹೆಂಗಸನ್ನ ತಕ್ಕಡ್ಯಾಗ ಕೂಡ್ರಸ್ತಿಯೇನೋ? ದಿಟ್ಟಿ ಆಗೂದಿಲ್ಲೇನು? ಇದೇನು ಶೇಂಗಾ ಚೀಲೇನು?”

ಅಂಥ ಹೆಂಗಸನ್ನು ತೂಗಬಾರದು. ತೂಗಿದರೆ ಹೊಟ್ಟೆಯ ಕೂಸಿಗೆ ಲೆಕ್ಕ ಹಚ್ಚಿದಂತೆ. ಇದು ಅವ್ವನ ಕಾಲದಿಂದ ನಡೆದುಬಂದ ಮಾತು. ಎರಡು ಸಲ ಬರಿಗೈಯಾದ ಮನೆಯಲ್ಲಿ ಅದನ್ನು ಮೀರುವ ಧೈರ್ಯ ನನಗೂ ಇರಲಿಲ್ಲ, ಮಾಮಾನಿಗೂ ಇರಲಿಲ್ಲ.

ಇಲ್ಲಿ ನನ್ನ ಉದ್ಯೋಗ ಮೊದಲನೆಯ ಸಲ ಮನೆಯ ಕೆಲಸಕ್ಕೆ ಬಂದಿತು. ಗಾಡಿಯ ಪಾಟಾಗಳು ಈಗ ಬಾಗುತ್ತಿದ್ದವು. ಅಂದರೆ ಯಾರಾದರೂ ಹತ್ತಿದರೆ ಗಾಡಿಯ ಹಿಂಬದಿ ಸ್ವಲ್ಪವಾದರೂ ಇಳಿಯಬೇಕು. ತೂಗುವುದು ಬೇಡ. ಎಷ್ಟು ಇಳಿಯಿತೆಂದು ಅಳೆಯೋಣ. ಆಮೇಲೆ ಅವರನ್ನು ಇಳಿಸಿ, ಅಷ್ಟೇ ಇಳಿಯುವವರೆಗೆ ಕಾಳಿನ ಚೀಲ ಇಡೋಣ. ಅವ್ವ ಬಹಳ ಹೊತ್ತು ಯೋಚಿಸಿ, ಇದರಲ್ಲಿ ತಕ್ಕಡಿ ಇಲ್ಲವೆಂದು ಖಚಿತಪಡಿಸಿಕೊಂಡು ಒಪ್ಪಿದಳು. ತಾನೂ ಹಾಸಿಗೆಯ ಸಂಗಡ ಹತ್ತುವುದೆಂದು ಶರತ್ತು ಹಾಕಿದಳು, ಹೇಗೂ ದಾರಿಯಲ್ಲಿ ಮಗಳ ಪಕ್ಕಕ್ಕೆ ಕೂರುವವಳು ಅವಳೇ.

ಮಾಮಾ ಸವಣೂರಿಗೆ ಹೋಗಿ ಇಮಾಮಸಾಬರನ್ನು ಕರೆತಂದರು. ಅಷ್ಟು ದೂರ ಬರಬೇಕೆಂದು ಅವರಿಗೇನೂ ಇರಲಿಲ್ಲ. ಅಂಗಳವನ್ನು ಸಮ ಮಾಡಿಸಿ, ಗಾಡಿ ನಿಲ್ಲಿಸಿ, ಹಿಂದಿನ ತಗಡಿನ ಅಂಚಿಗೆ ಅಳತೆಪಟ್ಟಿ ಹಿಡಿದು ಸೀಸದ ಕಡ್ಡಿಯಿಂದ ಗುರುತು ಹಾಕಿದೆ. ನೀಲಕ್ಕ ಮಣೆಯ ಮೇಲೆ ಕಾಲಿಟ್ಟು ಮೆಲ್ಲಗೆ ಹತ್ತಿ ಮಲಗಿದಳು. ಅವ್ವ ಪಕ್ಕಕ್ಕೆ ಕೂತಳು. ನಾನು ನೆಲಕ್ಕೆ ಕೆನ್ನೆ ಹಚ್ಚಿ ನೋಡಿದೆ.

“ಎಷ್ಟು?” ಎಂದರು ಮಾಮಾ.

“ತಡೀರಿ. ಉಸುರು ಆಡಿದ್ರ ಅಲಗತೈತಿ.”

“ಹಂಗಾರ ಉಸುರು ಬಿಡಬ್ಯಾಡೇನು ನಾವು?” ಎಂದಳು ಮೇಲಿನಿಂದ ನೀಲಕ್ಕ.

ಎರಡು ಸಲ ನೋಡಿದೆ. ಮುಕ್ಕಾಲು ಇಂಚು. ಅವರು ಇಳಿದ ಮೇಲೆ ಒಂದು ಚೀಲ ಜೋಳ ಇಟ್ಟೆವು. ಗುರುತಿಗೆ ಇನ್ನೂ ಒಂದಿಷ್ಟು ಉಳಿಯಿತು. ಒಂದು ಗಂಟು ಕಡಲೆ ಇಟ್ಟಾಗ ಸರಿಯಾಗಿ ಕೂಡಿತು. ಇಮಾಮಸಾಬರು ಬಗ್ಗಿ, ನನ್ನ ಗುರುತನ್ನೂ ಪಟ್ಟಿಯನ್ನೂ ನೋಡಿ, “ಬರೋಬ್ಬರಿ ಸಾಹೇಬ್ರ,” ಎಂದರು. ತಾಲೂಕಿನ ಮಾಮಲೇದಾರರು ನನ್ನ ನಕಾಶೆಗಳನ್ನು ಎಷ್ಟೋ ಸಲ ಹೊಗಳಿದ್ದರು. ಅವಾವುವೂ ನನಗೆ ಈಗ ನೆನಪಿಲ್ಲ.

ಜೋಳದ ಚೀಲವನ್ನೇ ಅಕ್ಕನೆಂದು ತಿಳಿದು, ನಾನೂ ಹಿಂದೆಯೇ ಕೂತು, ಎರಡು ದಿನ ಹಳ್ಳದ ದಾರಿಯಲ್ಲಿ ಓಡಾಡಿದೆವು. ಚೀಲದ ಪಕ್ಕಕ್ಕೆ ಅಂಚಿನವರೆಗೆ ನೀರು ತುಂಬಿದ ಒಂದು ತಂಬಿಗೆ. ಮೊದಲ ಸಲ ಅರ್ಧ ಚೆಲ್ಲಿತು. ಇಮಾಮಸಾಬರು ಎರಡೂ ಬದಿಯಿಂದ ಒಂದೊಂದು ಪಾಟಾ ತೆಗೆದರು. ನಾಲ್ಕು ಬೆರಳು ಚೆಲ್ಲಿತು. ಉಸುಕಿನ ಎರಡು ಚೀಲ ಅಡಿಗೆ ಹಾಸಿದರು. ಎರಡು ಬೆರಳು. ಇನ್ನೊಂದು ಚೀಲ ಹಾಸಿದರೆ ಮತ್ತೆ ಮೂರು ಬೆರಳಾಯಿತು, ಅದನ್ನು ತೆಗೆದರು. ಗಾಳಿಯನ್ನು ಇನ್ನಷ್ಟು ಇಳಿಸಿದರು. ಕೊನೆಗೆ ಒಂದು ಬೆರಳಿಗೆ ಬಂದು ನಿಂತಿತು.

“ಈ ಒಂದು ಬೆರಳು ನನ್ನ ಕೈಯಾಗಿಂದಲ್ಲ, ಗೌಡ್ರ ಕಾಲಾಗಿಂದು,” ಎಂದರು ಅವರು. “ಮೆಲ್ಲಕ ಹೊಡದ್ರ ಅದೂ ಉಳೀತೈತಿ.”

ಹೊರಡುವಾಗ ತೆಗೆದ ಪಾಟಾಗಳನ್ನೆಲ್ಲ ಗೋಣಿಯಲ್ಲಿ ಕಟ್ಟಿ ಮಾಮಾನಿಗೆ ಕೊಟ್ಟರು. ಹೆರಿಗೆಯಾಗಿ ಮನೆಗೆ ಬಂದ ಮೇಲೆ ಸರಕು ಹೇರುವುದಕ್ಕೆ ಮತ್ತೆ ಕಟ್ಟಿಸಿಕೊಳ್ಳಬೇಕೆಂದು, ಅಲ್ಲಿಯವರೆಗೆ ಒಂದು ಚೀಲ ಶೇಂಗಾವನ್ನೂ ಹೇರಬಾರದೆಂದು ಹೇಳಿದರು.

ಕುಬಸವಾದ ಮೂರನೆಯ ದಿನ ಮುಂಜಾನೆ ಹೊರಟೆವು. ಅಕ್ಕ, ಅವ್ವ ಹತ್ತಿದ ಮೇಲೆ ಅಳತೆಪಟ್ಟಿ ಹಿಡಿದು, ಹಿಂದಿನ ಅಂಚಿಗೆ ಹೊಸ ಗುರುತು ಹಾಕಿ ನಾನೂ ಹತ್ತಿದೆ. ಹಿಂದೆ ನೀಲಕ್ಕ, ಅವ್ವ, ನಾನು, ತಂಬಿಗೆ. ಮಳೆಗಾಲದಲ್ಲಿ ಚಕ್ಕಡಿಗಳು ಕೊರೆದ ಗಾಲಿಜಾಡು ಒಣಗಿ ಕಲ್ಲಾಗಿತ್ತು. ಮಾಮಾ ಅವುಗಳನ್ನು ನಿದ್ದೆ ಹೋದ ನಾಯಿಗಳನ್ನು ದಾಟುವಂತೆ ದಾಟುತ್ತಿದ್ದರು. ಒಬ್ಬ ಕುರಿಯವನು ಹಿಂದಿನಿಂದ ಬಂದು ನಮ್ಮನ್ನು ದಾಟಿಕೊಂಡು ಮುಂದೆ ಹೋದ. ಹೋಗುವಾಗ, “ಕೆಟ್ಟೈತೇನ್ರಿ ಗಾಡಿ?” ಎಂದು ಕೇಳಿದ. ಮಾಮಾ ಮುಂದಿನ ಜಾಡನ್ನು ನೋಡುತ್ತಿದ್ದರು.

ನನ್ನ ಕಣ್ಣು ತಂಬಿಗೆಯ ಮೇಲಿತ್ತು. ಮೊದಲನೆಯ ಹಳ್ಳ ದಾಟಿದೆವು. ಒಂದು ಹನಿ ತುಳುಕಿತು. ಎರಡನೆಯದರಲ್ಲಿ ನೀಲಕ್ಕ ಹೇಳಿದಳು: “ತಮ್ಮಾ, ಬಸರಿ ನಾನೋ, ನಿನ್ನ ತಂಬಿಗ್ಯೋ?” ನಾನು ನಾಚಿ ಅವಳ ಕಡೆ ತಿರುಗಿದೆ. ಮುಖ ಶಾಂತವಾಗಿತ್ತು. ಕೈ ಎರಡೂ ಹೊಟ್ಟೆಯ ಮೇಲಿದ್ದವು.

ಮೂರನೆಯ ಹಳ್ಳ ದೊಡ್ಡದು. ಇಳಿಜಾರಿನಲ್ಲಿ ಚಕ್ರ ಒಂದು ಗುಂಡುಕಲ್ಲಿನ ಮೇಲೆ ಏರಿ, ನಿಂತು, ಇಳಿಯಿತು. ತಂಬಿಗೆಯಿಂದ ಒಂದು ಗುಟುಕಿನಷ್ಟು ನೀರು ಹಾಸಿಗೆಗೆ ಚೆಲ್ಲಿತು. ಏರು ಹತ್ತಿ ಮೇಲೆ ಬಂದಾಗ ನೀಲಕ್ಕ ಮಾತಾಡಲಿಲ್ಲ. ಅವ್ವ, “ನೀಲಾ,” ಎಂದಳು. ಉತ್ತರವಿಲ್ಲ. “ನೀಲಾ, ಯವ್ವಾ!” ಎಂದು ಭುಜ ಮುಟ್ಟಿದಳು. ಕಣ್ಣು ಮುಚ್ಚಿತ್ತು, ಬಾಯಿ ತುಸು ತೆರೆದಿತ್ತು. ಅವ್ವ ನನ್ನ ಕಡೆ ನೋಡಿದಳು. ಆ ನೋಟವನ್ನು ನಾನು ವರ್ಣಿಸಲಾರೆ. ನಾನು ಎದ್ದ ರಭಸಕ್ಕೆ ಕಾಲು ತಾಗಿ ತಂಬಿಗೆ ಉರುಳಿತು. ಅಷ್ಟು ದಾರಿ ಕಾಪಾಡಿದ ನೀರನ್ನು ಚೆಲ್ಲಿದವನು ನಾನೇ. ಗೂಡಿನ ಹಿಂದಿನ ತಗಡನ್ನು ಬಡಿದೆ. ಮಾಮಾ ಗಾಡಿ ನಿಲ್ಲಿಸಿ ಇಳಿದು ಓಡಿಬಂದರು. ಎಂಜಿನ್ ನಿಂತು ಎಲ್ಲ ಸ್ತಬ್ಧವಾಯಿತು.

ಆ ನಿಶ್ಶಬ್ದದಲ್ಲಿ ನೀಲಕ್ಕ ಗೊರಕೆ ಹೊಡೆದಳು.

ಇನ್ನೊಂದು ಗೊರಕೆ ಬಂತು, ಮೊದಲಿನದಕ್ಕಿಂತ ದೀರ್ಘ. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅತ್ತಳೋ ನಕ್ಕಳೋ ನನಗೆ ತಿಳಿಯಲಿಲ್ಲ, ಆದ್ದರಿಂದ ಬರೆಯುವುದಿಲ್ಲ. ಆಮೇಲೆ, ಮದುವೆಯಾದಂದಿನಿಂದ ಮೊದಲನೆಯ ಸಲ, ಅಳಿಯನ ಮುಖವನ್ನೇ ನೋಡಿ ನೇರ ಮಾತಾಡಿದಳು:

“ನಿದ್ದಿ ಹತ್ತೈತ್ರಿ. ಹಂಗ ಮೆಲ್ಲಕ ನಡೀರಿ.”

ನೀಲಕ್ಕ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಏಳು ವಾರ ಮಲಗಿದ್ದಳು. ಹೆಣ್ಣು ಹುಟ್ಟಿತು. ಕೂಸು ಅಳುವುದು ಕೇಳಿ ಮಾಮಾ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತುಬಿಟ್ಟರು. ಗಾಡಿ ಮೆತ್ತಗಾದದ್ದರಿಂದಲೇ ಕೂಸು ಉಳಿಯಿತೆಂದು ನಾನು ಸಾಕ್ಷಿ ಹೇಳಲಾರೆ. ಆ ವಾರಗಳ ವಿಶ್ರಾಂತಿ ಇತ್ತು, ಔಷಧ ಇತ್ತು, ಡಾಕ್ಟರಬಾಯಿ ಇದ್ದರು. ನಾನು ಹೇಳಬಲ್ಲದ್ದು ಇಷ್ಟು: ಎರಡು ಸಲ ದಾರಿಗೆ ಹೆದರಿದವಳು ಮೂರನೆಯ ಸಲ ಅದೇ ದಾರಿಯಲ್ಲಿ ನಿದ್ದೆ ಮಾಡಿದಳು. ಅದನ್ನು ನಾನು ಕಣ್ಣಾರೆ ಕಂಡೆ, ಕಿವಿಯಾರೆ ಕೇಳಿದೆ. ಸುದ್ದಿ ಹೇಳಲು ಸವಣೂರಿಗೆ ಹೋದಾಗ ಇಮಾಮಸಾಬರು ಕೂಸಿನ ಬಗ್ಗೆ ಕೇಳಿ ಮೇಲೆ ಕೈಯೆತ್ತಿದರು. ಮರುಗಳಿಗೆಗೆ, “ಮೂರನೇ ಹಳ್ಳದಾಗ ಎಷ್ಟು ಚೆಲ್ಲಿತ್ರಿ?” ಎಂದರು. ಒಂದು ಗುಟುಕು ಎಂದೆ. ಉಳಿದದ್ದನ್ನು ಚೆಲ್ಲಿದವನು ಯಾರೆಂಬುದನ್ನೂ ಹೇಳಿದೆ.

ಕೂಸನ್ನು ಮನೆಗೆ ತರುವ ದಿನ ನಾನೂ ಹೋಗಿದ್ದೆ. ಆಸ್ಪತ್ರೆಯ ಅಂಗಳದಲ್ಲಿ ಎಲ್ಲರೂ ಹತ್ತಿ ಕೂತ ಮೇಲೆ, ಅಭ್ಯಾಸಬಲದಿಂದ, ಬಗ್ಗಿ ಹಿಂದಿನ ಅಂಚಿಗೆ ಅಳತೆಪಟ್ಟಿ ಹಿಡಿದೆ. ಹೊರಟ ಮುಂಜಾನೆ ಸೀಸದ ಕಡ್ಡಿಯಿಂದ ಹಾಕಿದ್ದ ಗುರುತು ಇನ್ನೂ ಇತ್ತು. ಗಾಡಿ ಆ ಗುರುತಿನಷ್ಟು ಇಳಿದಿರಲಿಲ್ಲ. ಒಂದು ದಾರದೆಳೆಯಷ್ಟು ಮೇಲಕ್ಕೇ ಇತ್ತು. ನ್ಯಾಯವೇ. ನೀಲಕ್ಕ ಹಗುರಾಗಿದ್ದಳು. ಕೂಸಿನ ಭಾರ ನನ್ನ ಪಟ್ಟಿಗೆ ಸಿಗುವಂಥದ್ದಲ್ಲ.

ತಡಸದವರೆಗಿನ ಸಡಕು ನುಣ್ಣಗೆ ಇದೆಯೆಂದು ಆಗಲೇ ಹೇಳಿದ್ದೇನೆ. ಅದರ ಮೇಲೆಯೂ ಮಾಮಾ ಕುರಿಗಳಿಗಿಂತ ನಿಧಾನ ಹೊಡೆಯತೊಡಗಿದರು. ಹೋದ ಸಲಕ್ಕಿಂತಲೂ ನಿಧಾನ. ಗೂಡಿನಲ್ಲಿ ಅವರ ಪಕ್ಕಕ್ಕೆ ಕೂತಿದ್ದ ನಾನು ಎರಡು ಮೈಲಿ ತಾಳಿದೆ. ಆಮೇಲೆ, “ಮಾಮಾ, ಸಡಕ ಛಲೋ ಐತಲ್ರಿ, ಒಂದೀಟು ಜೋರ ಹೊಡೀರಿ,” ಎಂದೆ.

ಅವರು ದಾರಿಯಿಂದ ಕಣ್ಣು ತೆಗೆಯದೆ ಹೇಳಿದರು:

“ಹೆಂಗ ಹೊಡೀಲಿ ಚನ್ನಬಸು? ಭಾಳ ಭಾರ ಐತಿ ಇವತ್ತು.”

ನಾನು ಅಳತೆಪಟ್ಟಿಯನ್ನು ಮಡಿಸಿ ಕಿಸೆಯಲ್ಲಿ ಇಟ್ಟುಕೊಂಡೆ.